ಬೀರುವಿನ ಹಿಂದಿನ ನೀಲಿ

ಪೇಂಟರ್ ಖಾಜಾಸಾಬ್ ನೀರು ಚಿಮುಕಿಸಿ ಗೋಡೆ ಕೆರೆಯಲು ಶುರುಮಾಡಿದ ಕೂಡಲೇ ಹಸಿ ಸುಣ್ಣದ ವಾಸನೆ ಎದ್ದಿತು. ಆ ವಾಸನೆಯಲ್ಲಿ ಬೆಳೆದವರಿಗೆ ನಾನೇನೂ ಹೇಳಬೇಕಿಲ್ಲ. ವಾಡಿಯ ಈ ಮನೆಯ ಒಳಕೋಣೆಗೆ ನಾನು ಕಾಲಿಟ್ಟು ಮೂವತ್ತು ವರ್ಷಗಳ ಮೇಲಾಗಿತ್ತು. ಅಪ್ಪ ತೀರಿಹೋದ ಮೇಲೆ ಬಣ್ಣ ಹೊಡೆಸಬೇಕಾಗಿ ಬಂದಿತ್ತು. ಖಾಜಾಸಾಬ್ ಹಿಂದಿನ ದಿನವೇ ಗೋಡೆಯ ಮೇಲೆ ಹಳದಿಯದೊಂದು, ನೀಲಿಯದೊಂದು ಪಟ್ಟಿ ಎಳೆದು ಯಾವುದು ಬೇಕೆಂದು ಕೇಳಿದ್ದರು. ಕತ್ತಲೆ ಕೋಣೆಗೆ ಹಳದಿಯೇ ಚಲೋ ಎಂದು ಅವರ ಅಭಿಪ್ರಾಯ. ನಾನು ನೀಲಿಗೆ ಹಟ ಹಿಡಿದಿದ್ದೆ.

ಆ ನೀಲಿ ನನ್ನ ಅವ್ವನದು. ಊರಿನ ಕಾರ್ಖಾನೆಯ ಸಿಮೆಂಟಿನ ದೂಳು ಕೂತು ಬೂದಿಯಾದ ಗೋಡೆಗಳಿಗೆ ಪ್ರತಿ ದೀಪಾವಳಿಗೂ ಅವಳು ಸುಣ್ಣ ಅರಳಿಸಿ, ನೀಲಿ ಬೆರೆಸಿ, ಪುಂಡಿ ನಾರಿನ ಕುಂಚದಿಂದ ತಾನೇ ಬಳಿಯುತ್ತಿದ್ದಳು. ನೀಲಿ ಯಾವಾಗಲೂ ಒಂದು ಚಿಟಿಕೆ ಹೆಚ್ಚು. ರೈಲ್ವೆಯಲ್ಲಿದ್ದ ಅಪ್ಪ ಸ್ಟೇಷನ್ನಿನ ಹಳದಿಯೇ ಚೆಂದವೆಂದು ಕಾಡಿಸಿದರೆ, "ಅಲ್ಲೇ ಹೋಗಿ ಮಲಕೋರಿ" ಎನ್ನುತ್ತಿದ್ದಳು. ನನಗೆ ಒಂಬತ್ತು ವರ್ಷವಾದಾಗ ಅವ್ವ ತೀರಿಕೊಂಡಳು. ತಿಂಗಳು ತುಂಬುವುದರೊಳಗೆ ಅಪ್ಪ ಆ ಕೋಣೆಗೆ ಹಳದಿ ಬಳಿಸಿದ. "ನೀಲಿ ನೋಡಿದ್ರ ನಿದ್ದಿ ಹತ್ತವಲ್ದವ್ವಾ" ಅಂದ. ನಾನು ನಂಬಲಿಲ್ಲ. ಅವ್ವನನ್ನೇ ಒರೆಸಿ ಹಾಕಿದ ಎಂದು ಸಿಟ್ಟಿಗೆದ್ದು ಕುರಕುಂಟಾ ಊರಿನ ಅಜ್ಜಿಯ ಮನೆ ಸೇರಿದೆ. ಹಬ್ಬಕ್ಕೆ ಬಂದರೂ ಪಡಸಾಲೆ ದಾಟುತ್ತಿರಲಿಲ್ಲ. ದೀಪಾವಳಿಯ ಹಿಂದಿನ ದಿನ ಒಳಗೆ ಅಪ್ಪ ಕಬ್ಬಿಣದ ಬೀರು ಎಳೆಯುವ ಸದ್ದು ಕೇಳುತ್ತಿತ್ತು. ಕಸ ಹೊಡೆಯುತ್ತಿರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಈಗ ಖಾಜಾಸಾಬ್ ಆ ಬೀರು ಸರಿಸಿದರು. ಹಿಂದಿನ ಗೋಡೆ ನೀಲಿ. ಬೀರುವಿನಷ್ಟೇ ಅಗಲ, ಬೀರುವಿನಷ್ಟೇ ಎತ್ತರ. ಅಪ್ಪ ಅಷ್ಟನ್ನು ಹಳದಿ ಮಾಡದೆ ಬಿಟ್ಟಿದ್ದಾನೆ ಅಂದುಕೊಂಡೆ. ಖಾಜಾಸಾಬ್ ಅಂಚಿನಿಂದ ಒಂದು ಚಕ್ಕೆ ಎಬ್ಬಿಸಿ ನನ್ನ ಅಂಗೈಗಿಟ್ಟರು. ಚಪಾತಿಯ ಪದರಗಳಂತೆ ನೀಲಿಯ ಮೇಲೆ ನೀಲಿ.

"ಇದು ಹಳೇದು ಉಳಿದದ್ದಲ್ಲ ಅಕ್ಕಾರ, ವರ್ಷಾ ವರ್ಷಾ ಹೊಡೆದಾರ. ಮ್ಯಾಲಿಂದು ಹ್ವಾದ ವರ್ಷದ್ದು ಇದ್ದಂಗ ಅದ. ಇನ್ನಾ ಕೈಗಿ ಹತ್ತಲಿಕತ್ತದ."

ಚಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನೀಲಿ ಒಂದು ಚಿಟಿಕೆ ಹೆಚ್ಚೇ ಇತ್ತು. ನಿದ್ದೆ ಬರಲೆಂದು ಕಣ್ಣಿಂದ ಮರೆಮಾಡಿದ್ದನ್ನು ಆ ಮನುಷ್ಯ ವರ್ಷವೂ ಬೀರು ಎಳೆದು ಹೊಸದು ಮಾಡಿದ್ದ. ನಾನು ಹೊರಗೆ ಕರ್ಚಿಕಾಯಿ ತಿನ್ನುತ್ತ ಸಿಟ್ಟು ಸಾಕಿಕೊಂಡಿದ್ದೆ.

ಖಾಜಾಸಾಬ್ ಯಾವ ಬಣ್ಣವೆಂದು ಮತ್ತೆ ಕೇಳಿದರು. ಹಳದಿಯನ್ನೇ ಹೊಡೆಯಲು ಹೇಳಿದೆ. ಈ ನೀಲಿಯಷ್ಟನ್ನು ಮುಟ್ಟಬೇಡಿ, ದೀಪಾವಳಿಗೆ ನಾನೇ ಬಳಿಯುತ್ತೇನೆ ಎಂದೆ. ಅವರು ಬೀರುವನ್ನು ಹಿಂದಕ್ಕೆ ತಳ್ಳಲು ಹೋದಾಗ ಬೇಡವೆಂದೆ. ಇಷ್ಟು ವರ್ಷಗಳಲ್ಲಿ, ಆ ಸದ್ದು ಕೇಳಿದ ಒಂದು ಸಲವಾದರೂ ಎದ್ದುಹೋಗಿ ಅಪ್ಪನ ಜೊತೆ ಬೀರುವಿಗೊಂದು ಕೈ ಹಚ್ಚಿದ್ದರೆ ಸಾಕಿತ್ತು.