ನಮಗಿಂತ ಮೊದಲು ಹೊರಟ ಗಂಟು

ಬೆಳಗ್ಗೆ ಕಣ್ಣು ತೆರೆದೊಡನೆ ಅಂಗೈಯನ್ನು ನೋಡಿಕೊಳ್ಳಬೇಕೆಂದು ಹಿರಿಯರು ನನಗೆ ಕಲಿಸಿದ್ದರು. ನಾನೂ ಮೇಷ್ಟರಾಗಿದ್ದಷ್ಟು ಕಾಲ ಮಕ್ಕಳಿಗೆ ಅದನ್ನೇ ಕಲಿಸಿದೆ. ಆದರೆ ನಮ್ಮ ಹಲಸೂರಿನಲ್ಲಿ ಪ್ಲೇಗು ಕಾಣಿಸಿಕೊಂಡಂದಿನಿಂದ ನನ್ನ ಪ್ರಥಮ ದರ್ಶನ ನೆಲಕ್ಕೆ ಮೀಸಲಾಗಿದೆ. ಹಾಸಿಗೆಯಿಂದ ಎದ್ದೊಡನೆ ಕೋಣೆಯ ಮೂಲೆಗಳನ್ನೂ, ಅಕ್ಕಿಯ ಡಬ್ಬದ ಹಿಂಬದಿಯನ್ನೂ, ಬಾಗಿಲ ಸಂದನ್ನೂ ಉತ್ತರಪತ್ರಿಕೆ ತಿದ್ದುವ ನಿಷ್ಠುರತೆಯಿಂದ ಪರಿಶೀಲಿಸುತ್ತೇನೆ. ಸಿಗದಿರಲಿ ಎಂದು ಹಾರೈಸುತ್ತ ತಪ್ಪು ಹುಡುಕುವ ಅಭ್ಯಾಸ ಮಾತ್ರ ನನಗೆ ವೃತ್ತಿಯಲ್ಲಿದ್ದಾಗ ಇರಲಿಲ್ಲ.

ಆ ದಿನಗಳಲ್ಲಿ ಯಾರೂ ‘ಇಲಿ ಸತ್ತಿತು’ ಎನ್ನುತ್ತಿರಲಿಲ್ಲ, ‘ಇಲಿ ಬಿತ್ತು’ ಎನ್ನುತ್ತಿದ್ದರು. ಕೋಟೆ ಬಿತ್ತು, ರಾಜಧಾನಿ ಬಿತ್ತು ಎಂದು ಯುದ್ಧದ ವಾರ್ತೆಯಲ್ಲಿ ಓದುತ್ತಿದ್ದ ನಮಗೆ ಆ ಕ್ರಿಯಾಪದದ ಗಾಂಭೀರ್ಯ ಅತಿಯೆನಿಸಲಿಲ್ಲ. ಇಲಿ ಬಿದ್ದ ಮನೆಯವರು ಊರಾಚೆಯ ಬಯಲಿನ ಷೆಡ್ಡಿಗೆ ಹೋಗಬೇಕು. ಆರೋಗ್ಯದ ಇನ್ಸ್‌ಪೆಕ್ಟರು ಬಂದು ಹೆಂಚು ತೆಗೆಸಿ, ಔಷಧಿ ಹೊಡೆಸಿ, ಬಾಗಿಲಿಗೆ ಬೀಗ ಜಡಿಸುತ್ತಾರೆ. ಊರು ಬಿಡಬೇಕೆಂಬ ಆತುರ ಎಲ್ಲರಿಗೂ. ಹೋದ ಊರಿನಲ್ಲಿ ಸೇರಿಸಿಕೊಳ್ಳುವರೇ ಎಂಬ ಅಳುಕೂ ಎಲ್ಲರಿಗೂ.

ನಮಗೆ ಆತುರಕ್ಕೆ ಬೇರೆಯೇ ಕಾರಣವಿತ್ತು. ಮಗಳು ಶಾರದೆಯನ್ನು ಬಂಗಾರಪೇಟೆಗೆ ಕೊಟ್ಟಿದ್ದೆವು. ಅಳಿಯ ಅಲ್ಲಿ ರೈಲ್ವೆಯ ಗೂಡ್ಸ್ ಗುಮಾಸ್ತ. ಚೊಚ್ಚಲು ಹೆರಿಗೆಗೆ ಅವಳು ತವರಿಗೆ ಬರಬೇಕಾದದ್ದು ಕ್ರಮ. ಪ್ಲೇಗಿನ ಊರಿಗೆ ಕಳಿಸುವುದಿಲ್ಲವೆಂದು ಅಳಿಯ ಹೇಳಿದ್ದು ವಿವೇಕ. ಅವಳಿಗೆ ಅತ್ತೆಯಿಲ್ಲ, ನಾದಿನಿಯಿಲ್ಲ. ಬಾಣಂತಿತನಕ್ಕೆ ಒಂದು ಹೆಣ್ಣುಜೀವ ಬೇಕಾದರೆ ಅದು ನನ್ನ ಪತ್ನಿ ರುಕ್ಮಿಣಿಯೇ ಆಗಬೇಕಿತ್ತು, ಅದೂ ದಿನ ತುಂಬುವುದರೊಳಗೆ.

ಇಬ್ಬರೂ ಪ್ಲೇಗಿನ ಸೂಜಿ ಚುಚ್ಚಿಸಿಕೊಂಡು, ತೋಳು ಊದಿಸಿಕೊಂಡು, ಸೋಮವಾರದ ರೈಲಿಗೆ ನಿಶ್ಚಯಿಸಿದೆವು. ಸೋಮವಾರ ಪೂರ್ವದಿಕ್ಕಿಗೆ ಶೂಲವೆಂದು ಪಂಚಾಂಗ ಅಡ್ಡ ಬಂತು. ಇದಕ್ಕೆ ನಮ್ಮವರು ಕಂಡುಕೊಂಡ ಪರಿಹಾರ ಪ್ರಸ್ಥಾನ: ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ನಿಮ್ಮ ಒಂದು ಗಂಟನ್ನು ಇಟ್ಟು ಬಂದರೆ ಆ ಗಳಿಗೆಗೇ ನೀವು ಹೊರಟಂತೆ ಲೆಕ್ಕ. ಆಮೇಲೆ ದೇಹ ಯಾವಾಗ ಬೇಕಾದರೂ ಹಿಂದಿನಿಂದ ಬರಬಹುದು. ಗಂಟನ್ನು ಮಾತ್ರ ಮನೆಗೆ ಮರಳಿ ತರುವಂತಿಲ್ಲ. ಇದರ ತರ್ಕದಲ್ಲಿರುವ ದೋಷಗಳನ್ನು ನಾನು ಸಾವಕಾಶವಾಗಿ ವಿವರಿಸುತ್ತಿದ್ದಂತೆಯೇ ರುಕ್ಮಿಣಿ ಒಂದು ಸೀರೆ, ಅರಿಸಿನದ ಕೊಂಬು, ಶಾರದೆ ಹಸುಗೂಸಾಗಿದ್ದಾಗ ಹಾಕಿದ್ದ ಗಿಳಿಹಸಿರಿನ ಉಣ್ಣೆಯ ಕುಲಾವಿ ಇಷ್ಟನ್ನೂ ಗಂಟುಕಟ್ಟಿ, ಶುಕ್ರವಾರ ಪೂರ್ವದ ಪಕ್ಕದ ಮನೆಯಲ್ಲಿ ಇಟ್ಟು ಬಂದಾಗಿತ್ತು. ಅದು ಟ್ರಂಕಿನ ವ್ಯಾಪಾರದ ಖಾದರ್ ಸಾಹೇಬರ ಮನೆ. ದಿಕ್ಕಿಗೆ ಜಾತಿಮತಗಳಿಲ್ಲದಿರುವುದು ಪಂಚಾಂಗದ ದೊಡ್ಡತನ. ಸಾಹೇಬರ ಮನೆಯಾಕೆ ಜೈನಬೀ ಗಂಟನ್ನು ಮರ್ಯಾದೆಯಿಂದ ತೊಲೆಯ ಕೊಕ್ಕೆಗೆ ನೇತುಹಾಕಿದರಂತೆ.

ಶನಿವಾರ ಅವರ ಮನೆಯಲ್ಲೇ ಇಲಿ ಬಿತ್ತು.

ನಾನು ಹೊರಗೆ ಬರುವಷ್ಟರಲ್ಲಿ ಹೆಂಚು ಕೆಳಗಿಳಿದಾಗಿತ್ತು. ಸಾಹೇಬರು ಬೀದಿಯ ಆಚೆ ಬದಿಯಿಂದಲೇ ಕೈಯೆತ್ತಿ ತಡೆದರು: “ಹತ್ರ ಬರಬೇಡಿ ಮೇಷ್ಟ್ರೇ. ನಾವು ಷೆಡ್ಡಿಗೆ ಹೋಗ್ತಾ ಇದ್ದೀವಿ. ನಿಮ್ಮ ಗಂಟು ಒಳಗೇ ಉಳೀತಲ್ಲಾ ಸಾಬ್, ಬೀಗ ಹಾಕ್ಬಿಟ್ರು.”

ಓದುಗ ಮಹಾಶಯರೇ, ನಮ್ಮ ಸ್ಥಿತಿಯನ್ನು ಪರಾಂಬರಿಸಬೇಕು. ಶಾಸ್ತ್ರದ ಪ್ರಕಾರ ನಾವು ಹೊರಟಿದ್ದೆವು. ಹೊರಟ ನಮ್ಮನ್ನು ಸರ್ಕಾರ ಬೀಗ ಜಡಿದು ಕೂಡಿಹಾಕಿತ್ತು. ಇನ್ನೊಂದು ಗಂಟು ಕಟ್ಟಿದರಾಯಿತೆಂದು, ಭಾನುವಾರ ಬೆಳಗ್ಗೆ ಅದನ್ನು ಹಿಡಿದು ನಾನೇ ಅದೇ ದಿಕ್ಕಿನ ಮನೆಗಳಿಗೆ ಹೋದೆ. ಒಂದು ಮನೆಯ ಬಾಗಿಲು ತೆರೆಯಲಿಲ್ಲ. ಇನ್ನೊಂದರಲ್ಲಿ, ನನ್ನಿಂದ ಅಕ್ಷರ ಕಲಿತ ಅಂಗಡಿಯವನೊಬ್ಬ ಕಿಟಕಿಯಿಂದ, “ತಪ್ಪು ತಿಳೀಬೇಡಿ ಮೇಷ್ಟ್ರೇ, ಮನೇಲಿ ಮಕ್ಕಳಿದಾರೆ. ಗಂಟು ಬೇಡ” ಎಂದ. ಅಲ್ಲಿಯವರೆಗೆ ನಾನು ಊರೆಲ್ಲವನ್ನೂ ಅಂಜಿಕೆಯಿಂದ ನೋಡುತ್ತಿದ್ದೆ. ಊರು ನನ್ನನ್ನೂ ಹಾಗೆಯೇ ನೋಡುತ್ತಿರಬಹುದೆಂಬುದು ನನ್ನ ಕ್ರಮಬದ್ಧ ಬುದ್ಧಿಗೆ ಹೊಳೆದೇ ಇರಲಿಲ್ಲ. ಅಂದು ಹಾಲಿನವಳು ಕೂಡ ತಂಬಿಗೆಯನ್ನು ಬೀದಿಯ ತುದಿಯಲ್ಲಿಟ್ಟು ಹೋದಳು.

ಭಾನುವಾರ ಸಂಜೆ ಬೀಗ ನೋಡಿಹೋಗಲು ಬಂದ ಸಾಹೇಬರನ್ನು ರುಕ್ಮಿಣಿ ನಮ್ಮ ಜಗುಲಿಯಿಂದಲೇ ಕೇಳಿದಳು: “ಷೆಡ್ಡಲ್ಲಿ ಎಲ್ಲ ಹುಷಾರಾಗಿದೀರಾ?”

“ಅಲ್ಲಾನ ದಯೆ, ಯಾರಿಗೂ ಜ್ವರ ಇಲ್ಲ. ನಿಮ್ಮ ಮಗಳದ್ದೇ ನಮ್ಮವಳಿಗೆ ಚಿಂತೆ. ಗಂಟು ಹೊರಟಿದೆ, ಅಮ್ಮ ಇನ್ನೂ ಯಾಕೆ ಹೊರಟಿಲ್ಲ ಅಂತಾಳೆ.”

ರುಕ್ಮಿಣಿ ಒಳಗೆ ಬಂದು ಒಲೆಯ ಬೆಂಕಿಗೆ ನೀರು ಚಿಮುಕಿಸಿದಳು. “ಅವರು ಹೇಳಿದ್ದೇ ಸರಿ. ಶುಕ್ರವಾರವೇ ಹೊರಟವಳು ಇಲ್ಲಿ ಅಡುಗೆ ಮಾಡ್ಕೊಂಡು ಕೂತಿದೀನಲ್ಲ, ಅದೇ ದೋಷ” ಎಂದಳು. ಮರುಕ್ಷಣವೇ ದನಿ ತಗ್ಗಿಸಿ, “ಅಲ್ಲರೀ, ನಾನು ಅವಳಿಗೆ ಕೈಯಾಗೋಕೆ ಹೋಗ್ತಿದೀನೋ, ಮಾರೀನ ಹೊತ್ಕೊಂಡು ಹೋಗ್ತಿದೀನೋ?” ಎಂದು ಕೇಳಿದಳು. ನಾನು ಇಬ್ಬರ ಸೂಜಿಯ ಚೀಟಿಗಳನ್ನೂ ತೆಗೆದು, ತಾರೀಖನ್ನು ಮತ್ತೊಮ್ಮೆ ಓದಿ, ಜೇಬಿಗೆ ಹಾಕಿಕೊಂಡೆ.

ಸೋಮವಾರ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಡಾಕ್ಟರು ನಾಡಿ ಹಿಡಿದು, ಗಂಟಲು ಮುಟ್ಟಿ, ಚೀಟಿ ನೋಡಿದರು. ಪಕ್ಕದ ಮನೆಯ ವಿಷಯವನ್ನು ಕೇಳದೆಯೇ ನಾನು ಹೇಳಿಬಿಟ್ಟೆ. ಅವರು ಚೀಟಿಯನ್ನು ಇನ್ನೊಮ್ಮೆ ನೋಡಿ, “ಹೋಗಿ, ಆದರೆ ಹತ್ತು ದಿನ ಮಗಳನ್ನು ಮುಟ್ಟಬೇಡಿ” ಎಂದರು. ಸೈನಿಕರಿಂದ ಕಿಕ್ಕಿರಿದ ರೈಲು ಕೃಷ್ಣರಾಜಪುರ ದಾಟುವವರೆಗೂ ಒಬ್ಬರ ಹಣೆಯನ್ನೊಬ್ಬರು ಕಳ್ಳಗಣ್ಣಿನಿಂದ ನೋಡುತ್ತಿದ್ದೆವು.

ಬಂಗಾರಪೇಟೆಯಲ್ಲಿ ಅಳಿಯ ನಮ್ಮನ್ನು ಹಿತ್ತಿಲ ಸೌದೆಕೊಟ್ಟಿಗೆಯಲ್ಲಿ ಇಳಿಸಿದ. ತಾಯಿ ಕೊಟ್ಟಿಗೆಯ ಬಾಗಿಲಲ್ಲಿ, ಮಗಳು ಅಡುಗೆಮನೆಯ ಕಿಟಕಿಯಲ್ಲಿ. ನಡುವೆ ಒಂದು ಬಟ್ಟೆ ಒಣಗಿಸುವ ಹಗ್ಗ. “ಅಮ್ಮ, ಸಾರಿಗೆ ಹುಣಿಸೆಹಣ್ಣು ಎಷ್ಟು?” ಎಂದು ಅವಳು ಕೂಗುವುದು, ಇವಳು ಬೆರಳು ಮಡಿಚಿ ತೋರಿಸುವುದು. ನಾನಂತೂ ಗೆಡ್ಡೆ ಎದ್ದಿದೆಯೇ ಎಂದು ಹೊತ್ತುಹೊತ್ತಿಗೆ ನನ್ನ ಕಂಕುಳನ್ನು ಮುಟ್ಟಿ ನೋಡಿಕೊಳ್ಳುತ್ತ, ಮಗುವಿಗಿಂತ ಮೊದಲು ಜ್ವರ ಬರದಿರಲೆಂದು ಬೇಡುತ್ತಿದ್ದೆ. ಡಾಕ್ಟರು ಹೇಳಿದ ಗಡುವು ಮುಗಿದ ಮರುದಿನ ಬೆಳಗ್ಗೆ ಶಾರದೆಗೆ ನೋವು ಕಾಣಿಸಿತು. ರುಕ್ಮಿಣಿ ಬಿಸಿನೀರು ಹೊಯ್ದುಕೊಂಡು, ಒದ್ದೆಗೂದಲಲ್ಲೇ ಹಗ್ಗದಡಿ ಬಗ್ಗಿ ಒಳಕ್ಕೆ ನಡೆದಳು. ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು.

ನಾವು ಹಲಸೂರಿಗೆ ಮರಳುವಷ್ಟರಲ್ಲಿ ಸಾಹೇಬರ ಮನೆಗೆ ಹೊಸ ಹೆಂಚು ಬಂದಿತ್ತು. ಗಂಟು ಕೊಕ್ಕೆಯಲ್ಲೇ ಇತ್ತಂತೆ. ಜೈನಬೀ ಅದರೊಳಗಿನದನ್ನೆಲ್ಲ ಬೇವಿನ ಸೊಪ್ಪು ಹಾಕಿ ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಹಾಕಿ, ಮತ್ತೆ ಕುದಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ತಂದರು. “ಬಣ್ಣ ಹೋಗ್ಬಿಡ್ತು ಅಮ್ಮಾ, ಏನ್ ಮಾಡ್ಲಿ” ಎಂದು ಅವರು ನೊಂದುಕೊಂಡರು. ಗಿಳಿಹಸಿರಿನ ಕುಲಾವಿ ಬೂದುಬಣ್ಣಕ್ಕೆ ತಿರುಗಿ, ಮುದುಡಿ ಗುಂಡಗಾಗಿತ್ತು. ರುಕ್ಮಿಣಿ ಅದನ್ನು ಕಣ್ಣಿಗೊತ್ತಿಕೊಂಡಳು. ನಮಗಿಂತ ಮೊದಲು ಹೊರಟದ್ದು ಎಲ್ಲರಿಗಿಂತ ಕೊನೆಗೆ ಮಗುವನ್ನು ಮುಟ್ಟಿತು, ಊರಲ್ಲಿ ಇಲಿ ಬೀಳುವುದು ನಿಂತು ಮೊನ್ನೆ ಶಾರದೆ ಕೂಸಿನೊಡನೆ ತವರಿಗೆ ಬಂದಾಗ.

ನಿನ್ನೆ ಬೆಳಗ್ಗೆ ಎಂದಿನಂತೆ ನೆಲದ ಪರಿಶೀಲನೆಗೆ ತೊಡಗಿದೆ. ಅಕ್ಕಿಯ ಡಬ್ಬದ ಬುಡದಲ್ಲಿ ಬೂದುಬಣ್ಣದ್ದು, ಪುಟ್ಟದು, ಮುದುಡಿದ್ದು ಬಿದ್ದಿತ್ತು. “ಯಾರೂ ಒಳಗೆ ಬರಬೇಡಿ” ಎಂದೆ.

ರುಕ್ಮಿಣಿ ಬಾಗಿಲಿಗೆ ಬಂದು ಇಣುಕಿದಳು. “ಮೊಮ್ಮಗಳ ಕುಲಾವಿ ಕಣ್ರೀ. ಎತ್ತಿಕೊಡಿ, ಕೂಸಿಗೆ ಗಾಳಿ ಬಡಿಯುತ್ತೆ.”

ಬಗ್ಗಿ ಎತ್ತಿಕೊಂಡೆ. ಎಷ್ಟೋ ತಿಂಗಳ ಮೇಲೆ, ಬೆಳಗಿನ ಹೊತ್ತು, ನನ್ನ ಅಂಗೈಯನ್ನು ನೋಡುತ್ತ ನಿಂತಿದ್ದೆ.