ಹುಳ ಹುಡುಕಿ ಬಂದ ಬಿಳಿಕಣಗಳು

ಡೊಂಬಿವ್ಲಿಯಲ್ಲಿ ಕಾರ್ಖಾನೆಯ ಹೊಗೆ ಕವಿದ ಬೆಳಿಗ್ಗೆ ನಾನು ಸೀನಲು ಶುರುಮಾಡಿದರೆ ನಾನು ಹತ್ತಿದ ಲೋಕಲ್ ರೈಲು ಠಾಣೆ ಸ್ಟೇಷನ್ ದಾಟುವವರೆಗೂ ನಿಲ್ಲುತ್ತಿರಲಿಲ್ಲ. ಕೊನೆಗೆ ಉಸಿರೇ ಸಿಳ್ಳೆ ಹೊಡೆಯತೊಡಗಿದಾಗ ಹೆಂಡತಿ ನನ್ನನ್ನು ಉಡುಪಿ ಕಡೆಯ ಡಾಕ್ಟರೊಬ್ಬರ ಬಳಿ ಎಳೆದೊಯ್ದಳು.

ರಕ್ತದ ರಿಪೋರ್ಟ್ ನೋಡಿ ಅವರು ನಕ್ಕರು. “ಇಯೊಸಿನೊಫಿಲ್ ಅಂತ ಬಿಳಿಕಣ ನಿಮಗೆ ಜಾಸ್ತಿ ಉಂಟು ಮಾರಾಯ್ರೆ. ಹೊಟ್ಟೆಯ ಹುಳದ ಜೊತೆ ಹೊಡೆದಾಡುವುದು ಅವುಗಳ ಕೆಲಸ. ಹೊಗೆ ತಾಗಿದ ಕೂಡಲೇ ನಿಮ್ಮ ಶ್ವಾಸನಾಳ ಬೊಬ್ಬೆ ಹಾಕ್ತದೆ, ಇವು ಓಡಿ ಬರ್ತವೆ. ಬಂದು ನೋಡಿದ್ರೆ ಹುಳವೇ ಇಲ್ಲ!”

“ಹಾಗಾದ್ರೆ ವಾಪಸ್ ಹೋಗಬಾರ್ದಾ?” ಎಂದೆ.

“ಹೋಗೂದಿಲ್ಲ. ಬಂದ ತಪ್ಪಿಗೆ ನಿಮ್ಮ ನಾಳಕ್ಕೇ ನಾಲ್ಕು ಬಾರಿಸ್ತವೆ.”

“ಥೇಟ್ ನಮ್ಮ ಬಿಲ್ಡಿಂಗಿನ ಸೊಸೈಟಿ ಕಮಿಟಿ,” ಎಂದಳು ಹೆಂಡತಿ. ಆ ಕಮಿಟಿಯ ಸೆಕ್ರೆಟರಿ ನಾನೇ.

ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟು, ಸಾಧ್ಯವಾದರೆ ಮನೆ ಬದಲಿಸಿ ಎಂದರು. ಮುಂದಿನ ಮಳೆಗಾಲದೊಳಗೆ ನಾವು ಕಾರ್ಖಾನೆಯ ಹೊಗೆಯಿಲ್ಲದ ಸೀವುಡ್ಸ್‌ಗೆ ಬಂದೆವು. ಅಲ್ಲಿ ಒಂದು ಭಾನುವಾರ ಮಧ್ಯಾಹ್ನ ಗಾಢ ನಿದ್ದೆಯಲ್ಲಿದ್ದೆ. ಗಂಡನ ಉಸಿರಿನ ಸಿಳ್ಳೆಯೇ ಕೇಳುತ್ತಿಲ್ಲವಲ್ಲ ಎಂದು ಗಾಬರಿಗೊಂಡ ಹೆಂಡತಿ ಭುಜ ಹಿಡಿದು ಅಲುಗಾಡಿಸಿದಳು.

“ಇದೀರಾ?”

ಇದ್ದೇನೆ ಎಂದೆ. ನಿಟ್ಟುಸಿರು ಬಿಟ್ಟು, ಚಹಾಕ್ಕೆ ನೀರಿಡಲು ಹೋದಳು.