ಎಂಟುನೂರರ ಗೆರೆ

ಬೀಗದ ಕಾರ್ಖಾನೆಯಲ್ಲಿ ಸ್ಪ್ರಿಂಗ್ ಕೂರಿಸುವ ಹದಿನಾಲ್ಕು ಹೆಂಗಸರಲ್ಲಿ ಹಿರಿಯಳಾದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ದಿನಕ್ಕೆ ತಲೆಗೆ ಎಂಟುನೂರು ಬೀಗ. ಆ ಗೆರೆಯನ್ನು ಯಾರೂ ದಾಟಕೂಡದೆಂಬುದು ಮೇಜಿನ ಹೆಂಗಸರೇ ಮಾಡಿಕೊಂಡ ಕಟ್ಟಳೆ, ಅದರ ಕಾವಲು ದೊಡ್ಡಕ್ಕನದು. ಮೂರೂವರೆಗೆ ಅವಳು ಒಮ್ಮೆ ಕೆಮ್ಮಿದರೆ ಸಾಕು, ಎಲ್ಲರ ಕೈಗಳೂ ಆಮೆಯಾಗುತ್ತಿದ್ದವು.

ಈ ಕಟ್ಟಳೆ ಸೋಮಾರಿತನದಿಂದ ಹುಟ್ಟಿದ್ದಲ್ಲ. ಹರೆಯದಲ್ಲಿ ಅವಳೇ ಮರದ ಅಚ್ಚೊಂದನ್ನು ಕೆತ್ತಿ, ಒಮ್ಮೆಗೇ ಐದು ಸ್ಪ್ರಿಂಗ್ ಕೂರಿಸಿ ತೋರಿಸಿದ್ದಳು. ಯಜಮಾನರು ಬೆನ್ನು ತಟ್ಟಿದರು. ತಿಂಗಳೊಳಗೆ ಇಪ್ಪತ್ತೆಂಟು ಮಂದಿಯನ್ನು ಹದಿನಾಲ್ಕಕ್ಕೆ ಇಳಿಸಿ, ಉಳಿದವರ ಪಾಲನ್ನು ನಾನೂರರಿಂದ ಎಂಟುನೂರಕ್ಕೆ ಏರಿಸಿದರು, ಕೂಲಿಯನ್ನು ಮುಟ್ಟಲಿಲ್ಲ. ಹೊರಬಿದ್ದವರಲ್ಲಿ ಅವಳ ಸ್ವಂತ ಅತ್ತಿಗೆಯೂ ಇದ್ದಳು. ಅಂದಿನಿಂದ ಆ ಮೇಜಿನಲ್ಲಿ ಯಾರೂ ಏನನ್ನೂ ಕಂಡುಹಿಡಿಯಲಿಲ್ಲ. ಯಜಮಾನರೂ ಹೊಸ ಯಂತ್ರ ತರಲಿಲ್ಲ. ಅಗ್ಗದ ಕೈಗಳಿರುವಾಗ ಕಬ್ಬಿಣಕ್ಕೆ ಹಣ ಸುರಿಯುವ ಹುಚ್ಚು ಯಾರಿಗಿದೆ? ಹೀಗೆಯೇ ಹತ್ತೊಂಬತ್ತು ವರ್ಷ ಸಂದವು.

ಕಣ್ಣು ಮಂಜಾಗಿ ಒಬ್ಬಳು ಬಿಟ್ಟ ಜಾಗಕ್ಕೆ ದೊಡ್ಡಕ್ಕನ ಮಗಳು ಒಂದು ತಿಂಗಳ ಪರೀಕ್ಷೆಯ ಮೇಲೆ ಬಂದಳು. ಎಡಗೈಯ ಎರಡು ಬೆರಳು ಹುಟ್ಟಿನಿಂದಲೇ ಬಗ್ಗದವಳು, ಆರುನೂರು ದಾಟುತ್ತಿರಲಿಲ್ಲ. ಕೊನೆಯ ದಿನ ಎಂಟುನೂರು ಮಾಡಿ ತೋರಿಸದಿದ್ದರೆ ಕೆಲಸವಿಲ್ಲ. ಆ ದಿನ ಅವಳು ಹಳೆಯ ಬಾಚಣಿಗೆಯನ್ನು ತಗಡಿಗೆ ಬಿಗಿದ ಸಾಧನವೊಂದನ್ನು ತಂದಳು. ಒಂದೊಂದು ಹಲ್ಲಿಗೆ ಒಂದೊಂದು ಸ್ಪ್ರಿಂಗ್, ಒಂದೇ ಒತ್ತಿಗೆ ಇಪ್ಪತ್ತು ಬೀಗ. ಮೇಸ್ತ್ರಿಗೆ ಕಾಣದಂತೆ ಡಬ್ಬದ ಮರೆಯಲ್ಲಿ ಒತ್ತುತ್ತಾ, ಊಟದ ಗಂಟೆಗೆ ಎಂಟುನೂರು ಮುಗಿಸಿದ್ದಳು.

ಮೇಸ್ತ್ರಿ ಊಟಕ್ಕೆ ಎದ್ದು ಹೋದದ್ದೇ ತಡ, ಪಕ್ಕದವಳು ಚುಚ್ಚಿದಳು: "ಏನ್ ದೊಡ್ಡಕ್ಕಾ, ಕಟ್ಟಳೆ ನಮಗೆ ಮಾತ್ರಾನಾ? ಹೊಟ್ಟೇಲಿ ಹುಟ್ಟಿದೋರಿಗೆ ಇಲ್ವಾ?"

"ಅಮ್ಮಾ, ಎಂಟುನೂರಕ್ಕೇ ನಿಲ್ಲಿಸ್ತೀನಿ," ಎಂದಳು ಮಗಳು. "ಇನ್ನರ್ಧ ದಿನ ಸುಮ್ನೆ ಕೂತಿರ್ತೀನಿ."

"ಕೂತಿದ್ದನ್ನ ಮೇಸ್ತ್ರಿ ನೋಡಿದ್ರೆ? ನಾಳೆ ಇಲ್ಲಿ ಆರು ಜನ ಸಾಕು ಅಂತಾನೆ. ಅತ್ತಿಗೆ ಸಾಯೋವರೆಗೂ ನನ್ನ ಮುಖ ನೋಡ್ಲಿಲ್ಲ ಕಣೇ."

ದೊಡ್ಡಕ್ಕ ಬಾಚಣಿಗೆಯನ್ನು ಕಸಿದು ಮೇಜಿನ ತುದಿಯ ಕೈಪ್ರೆಸ್ಸಿನ ಬಾಯಿಗಿಟ್ಟು, ಹಿಡಿಯನ್ನು ಎಳೆದು ಚೂರು ಮಾಡಿದಳು. ಆಮೇಲೆ ಮಗಳು ಮುಗಿಸಿದ್ದ ಬೀಗಗಳನ್ನು ಬೊಗಸೆ ಬೊಗಸೆಯಾಗಿ ಉಳಿದವರ ಡಬ್ಬಗಳಿಗೆ ಸುರಿದು, ಆ ಕೈಗೆ ಅರ್ಧ ದಿನಕ್ಕೆ ಒಪ್ಪುವ ಮುನ್ನೂರನ್ನು ಮಾತ್ರ ಉಳಿಸಿದಳು. ಹುಡುಗಿ ಅಳಲಿಲ್ಲ. ಬಗ್ಗದ ಬೆರಳುಗಳಲ್ಲೇ ಮತ್ತೆ ಒಂದೊಂದಾಗಿ ಕೂರಿಸತೊಡಗಿದಳು.

ಸಂಜೆಗೆ ಆದದ್ದು ಆರುನೂರ ಹನ್ನೊಂದು. ಮ್ಯಾನೇಜರು ಅವಳ ಗುರುತಿನ ಚೀಟಿಯನ್ನು ಹರಿದು, ಉಪದೇಶವನ್ನೂ ಕೊಟ್ಟರು: "ಇಲ್ಲಿ ಮಾತ್ರ ಅಲ್ಲ, ಇಡೀ ದೇಶದಲ್ಲೇ ತಲಾ ಉತ್ಪಾದನೆ ಏರೋದು ನಿಂತ್ಹೋಗಿದೆ. ಯಾಕೆ ಗೊತ್ತಾ? ನಮ್ಮ ಜನಕ್ಕೆ ತಲೆ ಓಡಿಸೋ ಅಭ್ಯಾಸಾನೇ ಇಲ್ಲ. ಏನಂತೀಯ ದೊಡ್ಡಕ್ಕಾ?"

"ಹೌದು ಸ್ವಾಮಿ."

ಮಗಳು ಇನ್ನೂ ಅಂಗಿಯ ಮೇಲಿನ ಕೆಲಸದ ಬಟ್ಟೆಯನ್ನು ಬಿಚ್ಚುತ್ತಿರುವಾಗಲೇ ಪಕ್ಕದವಳು ದೊಡ್ಡಕ್ಕನ ಕಿವಿಯ ಬಳಿ ಬಂದಳು. "ಜಾಗ ಖಾಲಿ ಆಯ್ತಲ್ಲಾ. ನಮ್ಮ ನಾದಿನಿ ಮನೇಲೇ ಇದ್ದಾಳೆ. ಒಂದು ಮಾತು ಹೇಳ್ತೀಯಾ?"

"ತಲೆ ಚುರುಕಾ ಅವಳದ್ದು?"

"ಅಯ್ಯೋ ಇಲ್ಲಪ್ಪಾ. ಹೇಳಿದಷ್ಟೇ ಮಾಡ್ತಾಳೆ."

ಬಿಚ್ಚಿದ ಬಟ್ಟೆಯನ್ನು ಮಗಳ ಕೈಯಿಂದ ತೆಗೆದುಕೊಂಡು, ಮಡಿಸಿ, ದೊಡ್ಡಕ್ಕ ಪಕ್ಕದವಳಿಗೆ ಕೊಟ್ಟಳು.

"ನಾಳೆ ಕರ್ಕೊಂಡ್ ಬಾ."